ಚಾಲಕನ ಸ್ವಂತ ನಿರ್ಧಾರ

ಸೊಸೆ ಜೀವಂತವಾಗಿ ತಿರುಗಿ ಬಂದರೆ ಟಿವಿಡೇಲ್ ದೇವಸ್ಥಾನದ ಬಾಲಾಜಿಗೆ ಅಭಿಷೇಕ ಮಾಡಿಸುತ್ತೇನೆಂದು ಸೀತಾಲಕ್ಷ್ಮಿಯವರು ಹರಕೆ ಹೊತ್ತಿದ್ದರು. ಅದನ್ನು ತೀರಿಸಲೆಂದೇ ಆ ಶನಿವಾರ ಮಗ ದಿನೇಶ, ಸೊಸೆ ಸುಚೇತಾ ಇಬ್ಬರನ್ನೂ ಹೊರಡಿಸಿಕೊಂಡು ವಾರಿಂಗ್ಟನ್‌ನಿಂದ ಒಂದೂವರೆ ಗಂಟೆ ಕಾರಿನಲ್ಲಿ ಬಂದಿದ್ದರು. ಅಭಿಷೇಕ ಮುಗಿದು, ಊಟದ ಮನೆಯಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದು ನಿಂತಾಗ, ಗುರುತಿನವರೆಲ್ಲ ಸುಚೇತಾಳ ಕೈ ಹಿಡಿದು ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರು.

"ದೇವರು ದೊಡ್ಡವನು ಕಣ್ರೀ ಡಾಕ್ಟ್ರೇ. ಮುಂದಿನ ಗಾಡಿಗೆ ಬಿದ್ದ ಬಾಂಬು ನಿಮ್ಮ ಗಾಡಿಗೆ ಬಿದ್ದಿದ್ರೆ ಏನ್ ಗತಿ?"

ಸುಚೇತಾ ನಕ್ಕಂತೆ ಮಾಡಿದಳು. ಮುಂದಿನ ಗಾಡಿಯಲ್ಲೂ ಇಬ್ಬರು ಇದ್ದರು, ಅವರೂ ಬೆಳಗ್ಗೆ ಪ್ರಾರ್ಥನೆ ಮಾಡಿಯೇ ಹೊರಟಿದ್ದರು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡಳು.

ಕಾರ್ ಪಾರ್ಕಿಗೆ ಬಂದು ಕೂತಾಗ ಫೋನಿನಲ್ಲಿ ಈಮೇಲ್ ಬಂದಿತ್ತು. ಫೆಲ್‌ಸೈಡ್ ರಿಲೀಫ್ ಸಂಸ್ಥೆಯ ಲೀಡ್ಸ್ ಕಚೇರಿಯಿಂದ. ಹತ್ತು ವಾರ ಸಂಬಳವಿಲ್ಲದ ರಜೆ ಹಾಕಿ ಮಕ್ಕಳ ಡಾಕ್ಟರಾಗಿ ಸುಚೇತಾ ಸೂಡಾನಿಗೆ ಹೋಗಿದ್ದು ಇವರ ಮೂಲಕವೇ. ಫೆಬ್ರವರಿಯಲ್ಲಿ ನಡೆದ ದಾಳಿಯ ಬಗ್ಗೆ ಸಂಸ್ಥೆಯೇ ನಡೆಸಿದ ವಿಚಾರಣೆಯ ವರದಿ ಅದು. ಮೂವತ್ತೆರಡು ಪುಟ. ಹನ್ನೊಂದನೆಯ ಪುಟದಲ್ಲಿ ಅವಳ ಬೆರಳು ನಿಂತಿತು.

"ಅನುಮತಿ ಪಡೆದಿದ್ದ ನದಿ ದಾರಿಯನ್ನು ಬಿಟ್ಟು ಪೇಟೆ ದಾರಿ ಹಿಡಿದದ್ದು ಚಾಲಕನ ಸ್ವಂತ ನಿರ್ಧಾರವೆಂದು ಕಂಡುಬರುತ್ತದೆ."

ಕೊನೆಯಲ್ಲಿ ಸಹಿಗೆ ಜಾಗ. 'ಮೇಲಿನ ವಿವರ ನನ್ನ ನೆನಪಿಗೆ ಹೊಂದುತ್ತದೆ. ಡಾ. ಸುಚೇತಾ ದಿನೇಶ.'

ಅವಳ ಮೈಯೆಲ್ಲ ಉರಿದುಹೋಯಿತು.

"ಸುಳ್ಳು," ಅಂದಳು ಜೋರಾಗಿ. ಹಿಂದಿನ ಸೀಟಿನಲ್ಲಿ ಪ್ರಸಾದದ ಪೊಟ್ಟಣ ಕಟ್ಟುತ್ತಿದ್ದ ಅತ್ತೆ ಬೆಚ್ಚಿಬಿದ್ದರು. "ಹಸಿ ಸುಳ್ಳು. ಸತ್ತವರ ತಲೆ ಮೇಲೆ ಗೂಬೆ ಕೂರಿಸ್ತಿದ್ದಾರೆ."

ಆ ಚಾಲಕನ ಹೆಸರು ಇದ್ರಿಸ್. ಡ್ರೈವರ್ ಕೆಲಸಕ್ಕೆಂದು ಹುಟ್ಟಿದವರಲ್ಲ. ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಯುದ್ಧ ಬಂದು ಶಾಲೆ ಮುಚ್ಚಿತು, ಕಟ್ಟಡದಲ್ಲಿ ಸೈನಿಕರು ಬೀಡುಬಿಟ್ಟರು. ಹೆಂಡತಿ ಹನಾನ್ ಸಂಸ್ಥೆಯ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಳು. ಅವಳ ಹಿಂದೆಯೇ ಇವರೂ ಸೇರಿಕೊಂಡು ಲ್ಯಾಂಡ್ ಕ್ರೂಸರ್ ಓಡಿಸತೊಡಗಿದರು. ಮೇಷ್ಟರ ಗತ್ತು ಮಾತ್ರ ಬಿಟ್ಟಿರಲಿಲ್ಲ. ಸೀಟ್ ಬೆಲ್ಟ್ ಹಾಕದೆ ಕೂತವರನ್ನು, ಅದು ಡಾಕ್ಟರೇ ಆಗಲಿ, ಗದರುತ್ತಿದ್ದರು. ದಾರಿ ಕೇಳಿದರೆ ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ನಕ್ಷೆ ಬರೆದು, ಹಳ್ಳ ಎಲ್ಲಿ, ದಿಬ್ಬ ಎಲ್ಲಿ, ಮಳೆ ಬಂದರೆ ಎಲ್ಲಿ ಗಾಡಿ ಹೂತುಕೊಳ್ಳುತ್ತದೆ ಎಂದು ಪಾಠ ಮಾಡುತ್ತಿದ್ದರು. ಚಹಾ ಬಗ್ಗಿಸುವಾಗ ಸುಚೇತಾ ಮರೆತು "ಸಾಕು ಸಾಕು" ಅನ್ನುತ್ತಿದ್ದಳು. ಆ ಒಂದು ಕನ್ನಡದ ಮಾತನ್ನು ಅವರು ಕಲಿತಿದ್ದರು. ಚೆಕ್‌ಪೋಸ್ಟಿನಲ್ಲಿ ಬಂದೂಕಿನವರು ಮೂರನೇ ಸಲ ಕಾಗದ ಕೇಳಿದಾಗ ಗಾಜು ಏರಿಸಿ, ತಮ್ಮಷ್ಟಕ್ಕೆ "ಸಾಕು" ಅಂದು ನಗಿಸಿದ್ದರು.

ಆ ದಿನ ಎರಡು ಗಾಡಿ ಹೊರಟಿದ್ದವು. ಮುಂದಿನದರಲ್ಲಿ ಇದ್ರಿಸ್ ಮತ್ತು ಲಸಿಕೆ ಹಾಕುವ ಹುಡುಗಿ ಮರ್ಯಮ್. ಹಿಂದಿನದರಲ್ಲಿ ಸುಚೇತಾ ಒಬ್ಬಳೇ, ತಾನೇ ಓಡಿಸಿಕೊಂಡು. ಊರಿನವರ ಗಾಡಿ ಮುಂದೆ, ಹೊರಗಿನಿಂದ ಬಂದವರ ಗಾಡಿ ಹಿಂದೆ ಎಂಬುದು ನಿಯಮ. ಗುಂಡು ತಡೆಯುವ ಜಾಕೆಟ್ ಎರಡೇ ಇದ್ದವು, ಅವೂ ಹೊರಗಿನವರಿಗೆ. ಬಡಿದಾಡುವ ಎರಡೂ ಕಡೆಯವರಿಗೆ ಯಾವ ಗಾಡಿ, ಯಾವ ದಾರಿ, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಮೊದಲೇ ತಿಳಿಸಿರಬೇಕು. ಅಂಥ ಕಡೆ ಅದೊಂದೇ ಕಾವಲು. ನದಿ ದಾರಿಯನ್ನು ಹಾಗೆ ತಿಳಿಸಲಾಗಿತ್ತು.

ಅರ್ಧ ದಾರಿಯಲ್ಲಿ ಇದ್ರಿಸ್ ಗಾಡಿ ನಿಲ್ಲಿಸಿ, ಇಳಿದು ಬಂದು, ಸುಚೇತಾಳ ಕಿಟಕಿಯ ಹತ್ತಿರ ಫೋನ್ ಹಿಡಿದರು. ಲೀಡ್ಸ್ ಕಚೇರಿಯಿಂದ ಮೆಸೇಜ್ ಬಂದಿತ್ತು. 'ಪೇಟೆ ದಾರಿ ಹಿಡಿಯಿರಿ. ಅಲ್ಲಿನ ಶಿಬಿರದಲ್ಲಿ ಇನ್ನೂರು ಮಕ್ಕಳಿಗೆ ಲಸಿಕೆ ಹಾಕಿ ಮುಂದೆ ಹೋಗಿ. ತಿಂಗಳ ಗುರಿಗೆ ಅಷ್ಟು ಕಡಿಮೆ ಇದೆ. ಹೊಸ ದಾರಿಯನ್ನು ಎರಡೂ ಕಡೆಗೆ ತಿಳಿಸಲಾಗಿದೆ.'

"ತಿಳಿಸಿದ್ದೇವೆ ಅಂತ ಬರೆದಿದ್ದಾರೆ," ಅಂದರು ಇದ್ರಿಸ್. "ನೀವು ನಂಬುತ್ತೀರಾ ಡಾಕ್ಟರ್?"

ಸುಚೇತಾ ಹೇಳಿದ್ದಳು: "ಲೀಡ್ಸ್‌ನವರು ಬರೆದಿದ್ದಾರಲ್ಲ. ಇಂಥ ವಿಷಯದಲ್ಲಿ ಸುಳ್ಳು ಬರೆಯಲ್ಲ."

ಅವರು ಭುಜ ಕುಣಿಸಿ ಗಾಡಿ ಹತ್ತಿದರು. ಗಾಡಿಯ ಚಾವಣಿಯ ಮೇಲೆ, ಮೇಲಿನಿಂದ ಕಾಣಲೆಂದೇ, ಸಂಸ್ಥೆಯ ಹೆಸರು ದಪ್ಪ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಡ್ರೋನ್ ಬಂದು ಹೊಡೆದದ್ದು ಸರಿಯಾಗಿ ಆ ಅಕ್ಷರಗಳ ಮೇಲೆ. ಸುಚೇತಾ ಓಡಿ ಹೋದಾಗ ಮರ್ಯಮ್‌ಗೆ ಉಸಿರಿತ್ತು. ಇಪ್ಪತ್ತು ನಿಮಿಷ ಇತ್ತು. ಇದ್ರಿಸ್ ಅವರಿಗೆ ಇರಲಿಲ್ಲ.

ಟಿವಿಡೇಲ್‌ನಿಂದ ಮನೆಗೆ ಬರುವಾಗ ದಿನೇಶ ಮೋಟರ್‌ವೇಯಲ್ಲಿ ಕಾರು ಓಡಿಸುತ್ತಿದ್ದ. ಬರ್ಚ್‌ವುಡ್‌ನಲ್ಲಿ ಎಂಜಿನಿಯರಾಗಿದ್ದವನು, ಅಳೆದು ತೂಗಿ ಮಾತಾಡುವ ಗಂಡಸು. ಮೆಲ್ಲಗೆ ಅಂದ: "ಸುಚೇತಾ, ಬೇಜಾರು ಮಾಡ್ಕೋಬೇಡ. ಸಹಿ ಹಾಕದೇ ಇದ್ರೆ ಸಾಕಲ್ವಾ? ಸುಮ್ಮನಿದ್ದುಬಿಡು. ನಿನಗೆ ಈಗಲೇ ನಿದ್ದೆ ಬರ್ತಿಲ್ಲ. ವಾರ್ಡಿನಲ್ಲಿ ಟ್ರಾಲಿ ಬಿದ್ದ ಸದ್ದಾದರೂ ನೆಲಕ್ಕೆ ಕೂರ್ತೀಯಂತೆ. ಇನ್ನೂ ಒಂದು ಜಗಳ ಯಾಕೆ ಮೈಮೇಲೆ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರೆ, ನಾನು ನೋಡ್ಕೊಂಡು ಸುಮ್ಮನಿರಬೇಕಾ?"

"ನಿನ್ನ ಹತ್ರ ಪುರಾವೆ ಏನಿದೆ? ಆ ಫೋನ್ ಸುಟ್ಟುಹೋಯ್ತು ಅಂತ ನೀನೇ ಹೇಳಿದೆ."

ಅದು ನಿಜ. ಸುಚೇತಾ ವರದಿಯ ಹನ್ನೊಂದನೆಯ ಪುಟವನ್ನು ಮತ್ತೆ ತೆರೆದಳು.

ಮರುದಿನ ಮಧ್ಯಾಹ್ನ ಹನಾನ್ ಫೋನ್ ಮಾಡಿದಳು. ಆ ಊರಿನಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಅವಳು ಕ್ಲಿನಿಕ್ಕಿನ ನೀರಿನ ಟ್ಯಾಂಕ್ ಹತ್ತಿ ಮಾತಾಡುತ್ತಿದ್ದಳು. ಅಳುತ್ತಿರಲಿಲ್ಲ. ಅಳುವಿಗಿಂತ ಗಟ್ಟಿಯಾದ ಏನೋ ದನಿಯಲ್ಲಿತ್ತು.

"ಡಾಕ್ಟರ್, ಇಲ್ಲಿ ಎಲ್ಲರನ್ನೂ ಕರೆದು ವರದಿಯ ಸಾರಾಂಶ ಓದಿದರು. ನನ್ನ ಗಂಡ ತಾನಾಗಿ ದಾರಿ ಬಿಟ್ಟರಂತೆ. ಪೇಟೆಯಲ್ಲಿ ಅವರಿಗೆ ಏನೋ ಸ್ವಂತ ಕೆಲಸ ಇತ್ತೇನೋ ಅಂತ ಜನ ಮಾತಾಡ್ತಿದ್ದಾರೆ. ಮರ್ಯಮ್ ತಾಯಿ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರು. ನನ್ನ ಮಗಳನ್ನು ನಿನ್ನ ಗಂಡ ಕೊಂದ ಅಂದರು. ನೀವು ಹಿಂದಿನ ಗಾಡಿಯಲ್ಲಿ ಇದ್ದಿರಿ. ಹೇಳಿ, ಅವರು ತಾವಾಗಿ ಹೋದರಾ?"

"ಇಲ್ಲ," ಅಂದಳು ಸುಚೇತಾ. "ಇಲ್ಲ ಹನಾನ್. ಮೆಸೇಜ್ ಬಂದಿತ್ತು. ನಾನು ಕಣ್ಣಾರೆ ಓದಿದೆ. ಹೋಗಿ ಅಂತ ನಾನೂ ಹೇಳಿದೆ."

"ಹಾಗಾದರೆ ಅದನ್ನು ಇಲ್ಲಿ ಬಂದು ಹೇಳುವವರು ಯಾರು?" ಎಂದಳು ಹನಾನ್. ಸಿಗ್ನಲ್ ಹೋಯಿತು.

ಅವತ್ತೇ ಸುಚೇತಾ ಪೂಜಿತಾಳ ನಂಬರು ಹುಡುಕಿದಳು. ಧಾರವಾಡದ ಹುಡುಗಿ, ಲೀಡ್ಸ್‌ನಲ್ಲಿ ಎಂಎಸ್‌ಸಿ ಮುಗಿಸಿ ಫೆಲ್‌ಸೈಡ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಗಾಡಿಗಳ ಓಡಾಟ ನೋಡಿಕೊಳ್ಳುವ ಮೇಜು ಅವಳದು. ಸೂಡಾನಿಗೆ ಹೊರಡುವ ಮೊದಲು ಕನ್ನಡದವರೆಂದು ಗೊತ್ತಾಗಿ ಇಬ್ಬರೂ ಖುಷಿಯಿಂದ ಹರಟಿದ್ದರು. ಮೆಸೇಜ್ ಕಳಿಸುವ ಕೈ ಯಾವುದೆಂದು ಸುಚೇತಾಳಿಗೆ ಗೊತ್ತಿತ್ತು.

ಸೋಮವಾರ ಲೀಡ್ಸ್ ಸ್ಟೇಷನ್ ಹತ್ತಿರದ ಕಾಫಿ ಅಂಗಡಿಯಲ್ಲಿ ಪೂಜಿತಾ ಕೋಟು ಬಿಚ್ಚದೆ ಕೂತಿದ್ದಳು. ಮೊದಮೊದಲು ಬೆಂಗಳೂರಿನ ಕನ್ನಡದಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ, ಅದು ಪ್ರಾಸೆಸ್, ಇದು ಪಾಲಿಸಿ ಎಂದು ಏನೇನೋ ಹೇಳಿದಳು. ಸುಚೇತಾ ಹನಾನ್ ಹೇಳಿದ್ದನ್ನು ಹೇಳಿದಳು. ಮರ್ಯಮ್ ತಾಯಿ ಬಾಗಿಲು ಹಾಕಿಕೊಂಡ ಮಾತು ಬರುತ್ತಲೇ ಹುಡುಗಿಯ ದನಿ ಒಡೆದು, ತನ್ನ ಊರಿನ ಮಾತಿಗೆ ಬಂದಳು.

"ನಾ ಏನ್ ಮಾಡ್ಲಿ ಹೇಳ್ರಿ ಮೇಡಂ. ಕಾಲಿನ್ ಅವ್ರು ಸೆಕ್ಯೂರಿಟಿ ಹೆಡ್. ಬಾಜೂಕ ನಿಂತು, 'ದಾರಿ ಬದ್ಲಿ ಮಾಡು, ಎರಡೂ ಕಡೆ ತಿಳಿಸೇವಿ ಅಂತ ಹಾಕು' ಅಂದ್ರು. ನಾ ಟೈಪ್ ಮಾಡಿದೆ. ಒಂಬತ್ತೂ ಹತ್ತಕ್ಕ. ತಿಳಿಸೇವಿ ಅಂತ ಅವ್ರ ಹೇಳಿದ ಮ್ಯಾಲ ನಾ ಹೆಂಗ ಇಲ್ಲ ಅನ್ಲಿ? ಆಮ್ಯಾಲ ತಗದು ನೋಡಿದೆರಿ. ತಿಳಿಸೋ ಈಮೇಲ್ ಹೋಗಿದ್ದು ಹತ್ತೂ ನಲವತ್ತಕ್ಕ."

"ಗಾಡಿಗೆ ಹೊಡೆದದ್ದು ಒಂಬತ್ತೂ ಐವತ್ತಕ್ಕೆ," ಅಂದಳು ಸುಚೇತಾ. "ನಿಮ್ಮ ಲೀಡ್ಸ್ ಗಡಿಯಾರದಲ್ಲೇ."

"ಗೊತ್ತದರಿ." ಪೂಜಿತಾ ಅಂಗೈಯಿಂದ ಮುಖ ಒರೆಸಿಕೊಂಡಳು. "ಆ ಮೆಸೇಜ್ ಕಚೇರಿ ಸಿಸ್ಟಮ್‌ನ್ಯಾಗ ಇಲ್ರಿ, ವಾಟ್ಸಾಪ್‌ನ್ಯಾಗ ಕಳಿಸಿದ್ದು. ನನ್ನ ಫೋನಿನ್ಯಾಗ ಅದ. ಅಳಿಸಿಬಿಡು ಅಂತ ಹೇಳ್ಯಾರ. ಅಳಿಸಿಲ್ರಿ. ಆದ್ರ ಮೇಡಂ, ನನ್ನ ವೀಸಾ ನವೆಂಬರ್‌ಗೆ ಮುಗಿತದ. ಸ್ಪಾನ್ಸರ್ ಮಾಡಿ ಮುಂದುವರಸ್ತೀವಿ ಅಂತ ಹೇಳ್ಯಾರ. ಈಗ ನಾ ಬಾಯಿ ಬಿಟ್ಟೆ ಅಂದ್ರ..."

ಸುಚೇತಾಳಿಗೆ ಸಿಟ್ಟು ನೆತ್ತಿಗೇರಿತ್ತು. ಈ ಹುಡುಗಿಯ ಮೇಲೂ, ಈ ಹುಡುಗಿಯನ್ನು ಹೀಗೆ ಬಿಗಿದು ಕಟ್ಟಿಹಾಕಿದವರ ಮೇಲೂ. ಯಾರ ಮೇಲೆ ಎಷ್ಟು ಎಂದು ಬೇರ್ಪಡಿಸಲಾಗದೆ ಕಾಫಿಯ ಲೋಟವನ್ನು ದೂರ ತಳ್ಳಿದಳು.

"ನಿನ್ನ ಫೋನ್ ಕಿತ್ಕೊಳ್ಳೋಕೆ ಬಂದಿಲ್ಲ ಪೂಜಿತಾ. ನಿನ್ನ ಕಷ್ಟ ನನಗೆ ಅರ್ಥ ಆಗುತ್ತೆ. ಆದರೆ ಒಂದು ಮಾತು. ಹನಾನ್ ಕೂಡ ಇದೇ ಸಂಸ್ಥೆಯಲ್ಲೇ ಕೆಲಸ ಮಾಡೋದು. ಆ ಸಂಬಳ ಬಿಟ್ಟರೆ ಅವಳ ಮನೆಯಲ್ಲಿ ಒಲೆ ಉರಿಯಲ್ಲ. ಆದರೂ ನೀರಿನ ಟ್ಯಾಂಕ್ ಹತ್ತಿ ಫೋನ್ ಮಾಡಿದಳು. ಬುಧವಾರ ನಾನು ಕಚೇರಿಗೆ ಬರ್ತೀನಿ. ನನ್ನ ಹತ್ರ ಪುರಾವೆ ಇರಲಿ, ಇಲ್ಲದೇ ಇರಲಿ, ನೋಡಿದ್ದನ್ನು ಹೇಳ್ತೀನಿ."

ಪೂಜಿತಾ ಕೋಟಿನ ಗುಂಡಿ ಹಾಕಿಕೊಂಡು ಕಚೇರಿಗೆ ಹೊರಟಳು.

ಬುಧವಾರ ಹನ್ನೊಂದಕ್ಕೆ ಸಭೆ. ರಜೆಗೆಂದು ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಒಬ್ಬರ ಕೈಕಾಲು ಹಿಡಿದು ಶಿಫ್ಟ್ ಬದಲಿಸಿಕೊಂಡು ಸುಚೇತಾ ಹೋದಳು. ಮೂರನೇ ಮಹಡಿಯ ಕೋಣೆ. ಗೋಡೆಯ ಮೇಲೆ ದೊಡ್ಡದೊಂದು ಫೋಟೋ. ಗುಂಡು ತಡೆಯುವ ಜಾಕೆಟ್ ತೊಟ್ಟು ಮಗುವೊಂದನ್ನು ಎತ್ತಿಕೊಂಡ ಸುಚೇತಾ! ತೆಗೆದವರು ಇದ್ರಿಸ್. ಆ ಗೋಡೆಯಲ್ಲಿ ಅವರ ಚಿತ್ರ ಎಲ್ಲಿಯೂ ಇರಲಿಲ್ಲ.

ನಿರ್ದೇಶಕಿ ಜೂಡಿತ್ ಎದ್ದು ಬಂದು ಅವಳನ್ನು ತಬ್ಬಿಕೊಂಡಳು. ಪಕ್ಕದಲ್ಲಿ ಕಾಲಿನ್, ಎದುರಿಗೆ ನಡಾವಳಿ ಬರೆದುಕೊಳ್ಳಲು ಲ್ಯಾಪ್‌ಟಾಪ್ ತೆರೆದು ಕೂತ ಪೂಜಿತಾ.

"ಎಲ್ಲಕ್ಕಿಂತ ಮೊದಲು, ನೀವು ಹೇಗಿದ್ದೀರಿ ಸುಚೇತಾ? ಕೌನ್ಸೆಲಿಂಗ್ ಬೇಕಿದ್ದರೆ ನಮ್ಮ ಕಡೆಯಿಂದ..."

"ನನಗೆ ಸಿಕ್ಕಿದೆ," ಅಂದಳು ಸುಚೇತಾ. "ಹನಾನ್‌ಗೆ ಯಾರು ಕೊಟ್ಟರು?"

ಕಾಲಿನ್ ನಡುವೆ ಬಾಯಿ ಹಾಕಿದ. "ವರದಿಯ ಬಗ್ಗೆ ನಿಮಗೆ ಏನೋ ಸಂದೇಹ ಇದೆಯಂತೆ. ಅಂಥ ಆಘಾತ ಆದಾಗ ನೆನಪು ಕಲಸಿಹೋಗುವುದು ಸಹಜ. ನಮ್ಮ ಸಿಸ್ಟಮ್‌ನಲ್ಲಿ ದಾರಿ ಬದಲಿಸಲು ಹೇಳಿದ ಯಾವ ಮೆಸೇಜೂ ಇಲ್ಲ."

"ಮೆಸೇಜ್ ನಾನು ಓದಿದ್ದೇನೆ. ಪೇಟೆ ಶಿಬಿರ, ಇನ್ನೂರು ಮಕ್ಕಳು, ತಿಂಗಳ ಗುರಿ. ಆ ಅಂಕಿ ನಾನು ಕನಸು ಕಂಡದ್ದಾ?"

ಜೂಡಿತ್ ದನಿ ಇಳಿಸಿ, ಮೇಜಿನ ಮೇಲೆ ಮುಂದಕ್ಕೆ ಬಾಗಿದಳು. ಕೆಟ್ಟ ಹೆಂಗಸೇನಲ್ಲ. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿ ಸವೆದವಳು. "ನಿಮ್ಮೊಬ್ಬರ ಹತ್ತಿರ ಬಿಚ್ಚಿ ಹೇಳುತ್ತೇನೆ. ತಿಳಿಸುವುದರಲ್ಲಿ ನಮ್ಮಿಂದ ತಪ್ಪಾಯಿತು ಎಂದು ಬರೆದರೆ, ಅಲ್ಲಿನ ಎರಡೂ ಕಡೆಯವರು ಅದನ್ನೇ ನೆಪ ಮಾಡಿಕೊಂಡು ನಮ್ಮನ್ನು ಓಡಿಸುತ್ತಾರೆ. ನಲವತ್ತು ಸಾವಿರ ಮಕ್ಕಳು, ಸುಚೇತಾ. ಆ ಮಕ್ಕಳನ್ನು ಕೇಳಿದರೆ ಏನು ಹೇಳುತ್ತಾರೆ?"

"ಆ ಮಕ್ಕಳಿಗೆ ಲಸಿಕೆ ಒಯ್ಯುವವರನ್ನು ಕೇಳಿ!" ಸುಚೇತಾಳ ದನಿ ಕೋಣೆಯ ಹೊರಗೂ ಕೇಳಿಸಿರಬೇಕು. ಗಾಜಿನಾಚೆ ಇಬ್ಬರು ತಲೆ ಎತ್ತಿದರು. "ಅವರಿಗೆ ಜಾಕೆಟ್ ಇಲ್ಲ. ಅವರ ಗಾಡಿ ಮುಂದೆ ಹೋಗಬೇಕು. ಯುದ್ಧ ಜೋರಾದಾಗ ನಮಗೆ ವಿಮಾನ ಬರುತ್ತದೆ, ಅವರು ಅಲ್ಲೇ ಇರಬೇಕು. ಸತ್ತರೆ ನಿಮ್ಮ ಪತ್ರಿಕಾ ಹೇಳಿಕೆಯಲ್ಲಿ 'ಇಬ್ಬರು ಸ್ಥಳೀಯ ಸಿಬ್ಬಂದಿ'. ಹೆಸರೂ ಇಲ್ಲ. ಇಷ್ಟೆಲ್ಲ ಆದಮೇಲೆ ತಪ್ಪೂ ಅವರದೇ ಅಂದರೆ, ನಾಳೆ ಯಾವ ಡ್ರೈವರ್ ನಿಮ್ಮ ಗಾಡಿ ಹತ್ತುತ್ತಾನೆ? ಇದ್ರಿಸ್ ನನ್ನನ್ನು ಕೇಳಿದರು, ನಂಬುತ್ತೀರಾ ಎಂದು. ನಿಮ್ಮ ಮಾತು ನಂಬಿ ಹೋಗಿ ಅಂದವಳು ನಾನು. ಅದನ್ನೂ ವರದಿಯಲ್ಲಿ ಬರೆಯಿರಿ. ನನ್ನ ಹೆಸರು ಹಾಕಿಯೇ ಬರೆಯಿರಿ."

"ಪುರಾವೆ ಇಲ್ಲದೆ ಸಂಸ್ಥೆಯ ಮೇಲೆ ಇಂಥ ಆರೋಪ..." ಎಂದು ಕಾಲಿನ್ ಶುರುಮಾಡಿದ.

ಟೈಪ್ ಮಾಡುವ ಸದ್ದು ನಿಂತಿತ್ತು. ಪೂಜಿತಾ ಲ್ಯಾಪ್‌ಟಾಪ್ ಮುಚ್ಚಿ, ತನ್ನ ಫೋನನ್ನು ಮೇಜಿನ ನಡುವೆ ಇಟ್ಟಳು. ಆ ಮೆಸೇಜ್ ತೆರೆದೇ ಇತ್ತು.

"ಮೆಸೇಜ್ ಕಳಿಸಿದವಳು ನಾನು," ಅಂದಳು. "ಕಾಲಿನ್, ನೀವು ನನ್ನ ಕುರ್ಚಿಯ ಪಕ್ಕ ನಿಂತು ಹೇಳಿದಿರಿ. ಅಳಿಸು ಎಂದೂ ಹೇಳಿದಿರಿ. ನಾನು ಅಳಿಸಿಲ್ಲ."

ಜೂಡಿತ್ ಕಾಲಿನ್ ಮುಖ ನೋಡಿದ ರೀತಿಯಿಂದ ಅಳಿಸಲು ಹೇಳಿದ ವಿಷಯ ಅವಳಿಗೆ ಹೊಸದೆಂದು ಸುಚೇತಾಳಿಗೆ ಅನ್ನಿಸಿತು. ಉಳಿದದ್ದು ಹೊಸದಲ್ಲವೆಂದೂ ಅನ್ನಿಸಿತು.

ಅಷ್ಟಕ್ಕೆ ನ್ಯಾಯ ಸಿಕ್ಕಿಬಿಟ್ಟಿತು ಎಂದುಕೊಂಡರೆ ತಪ್ಪು. ವರದಿಯನ್ನು 'ಮರುಪರಿಶೀಲನೆಗಾಗಿ' ಹಿಂತೆಗೆದುಕೊಂಡರು. ಪೂಜಿತಾಳನ್ನು ರಜೆಯ ಮೇಲೆ ಕಳಿಸಿದರು. ಸುಚೇತಾ ಆ ಮೆಸೇಜಿನ ಚಿತ್ರ ಸೇರಿಸಿ, ದಾನಸಂಸ್ಥೆಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಗೆ ಏಳು ಪುಟದ ಪತ್ರ ಬರೆದಳು. ಸುಮ್ಮನಿರು ಎಂದಿದ್ದ ದಿನೇಶನೇ ಕೂತು ವೇಳೆಯ ಪಟ್ಟಿ ತಯಾರಿಸಿಕೊಟ್ಟ. ನಿಮಿಷ ನಿಮಿಷಕ್ಕೂ ಏನಾಯಿತೆಂದು, ಒಂದು ಕಡೆ ಲೀಡ್ಸ್ ಗಡಿಯಾರ, ಇನ್ನೊಂದು ಕಡೆ ಸೂಡಾನಿನದು. ಬರೆಯುತ್ತ ಬರೆಯುತ್ತ ಹತ್ತೂ ನಲವತ್ತರ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು, "ಗಾಡಿಗೆ ಹೊಡೆದು ಐವತ್ತು ನಿಮಿಷ ಆದಮೇಲೆ ಈಮೇಲ್ ಕಳಿಸಿದ್ದಾರಲ್ಲೇ, ಪಾಪಿಗಳು," ಅಂದ. ಅಳೆದು ತೂಗುವ ಮನುಷ್ಯನ ಬಾಯಲ್ಲಿ ಅಂಥ ಮಾತು ಸುಚೇತಾ ಕೇಳಿದ್ದು ಅದೇ ಮೊದಲು.

ಎರಡನೆಯ ವರದಿ ಬರಲು ನಾಲ್ಕು ತಿಂಗಳು ಹಿಡಿಯಿತು. ಹನ್ನೊಂದನೆಯ ಪುಟದ ಸಾಲು ಬದಲಾಗಿತ್ತು. 'ದಾರಿಯ ಬದಲಾವಣೆಯು ಲೀಡ್ಸ್ ಕಚೇರಿಯ ಸೂಚನೆಯ ಮೇರೆಗೆ ನಡೆದಿತ್ತು; ಆ ಹೊತ್ತಿಗೆ ಹೊಸ ದಾರಿಯನ್ನು ಯಾರಿಗೂ ತಿಳಿಸಿರಲಿಲ್ಲ. ಶ್ರೀ ಇದ್ರಿಸ್ ಅವರ ಕಡೆಯಿಂದ ಯಾವ ಲೋಪವೂ ಆಗಿಲ್ಲ.' ಮರ್ಯಮ್ ಹೆಸರೂ ಇತ್ತು. ಇನ್ನು ಮುಂದೆ ಗಾಡಿ ಹತ್ತುವ ಎಲ್ಲರಿಗೂ ಜಾಕೆಟ್ ಎಂದೂ ಬರೆದಿತ್ತು. ಸೂಚನೆ ಕೊಟ್ಟದ್ದು ಯಾರೆಂದು ಇರಲಿಲ್ಲ. ಅಷ್ಟರಲ್ಲಿ ಕಾಲಿನ್ ಬೇರೊಂದು ಸಂಸ್ಥೆಯಲ್ಲಿ ಇನ್ನೂ ದೊಡ್ಡ ಹುದ್ದೆಗೆ ಹೋಗಿದ್ದ. ಪೂಜಿತಾಳಿಗೆ ಸ್ಪಾನ್ಸರ್ ಮಾಡಲು ಈ ವರ್ಷ ಅವಕಾಶವಿಲ್ಲವೆಂದು ಮೂರು ಸಾಲಿನ ಈಮೇಲ್ ಬಂತು. ದಿನೇಶ ಅವಳ ಸಿವಿಯನ್ನು ಬರ್ಚ್‌ವುಡ್‌ನ ಗುರುತಿನ ಕಚೇರಿಗಳಿಗೆಲ್ಲ ಹಂಚಿದ. ಎರಡು ಸಂದರ್ಶನ ಆಯಿತು, ಎರಡರಲ್ಲೂ ವೀಸಾದ ಮಾತು ಬರುತ್ತಲೇ ಕೆಲಸ ಕೊಡುವವರ ಮುಖ ಬಾಡಿತು. ನಿಜ ಹೇಳಿದವಳು ಗಂಟು ಮೂಟೆ ಕಟ್ಟಬೇಕು, ಸುಳ್ಳು ಹೇಳಿಸಿದವನು ಬಡ್ತಿ ಪಡೆಯಬೇಕು. ಸುಚೇತಾ ಇದನ್ನು ನೆನೆದಾಗಲೆಲ್ಲ ಪಾತ್ರೆಗಳನ್ನು ಸಿಂಕಿಗೆ ಎತ್ತಿಹಾಕುತ್ತಿದ್ದಳು. ಪೂಜಿತಾಳೇ ಸಮಾಧಾನ ಹೇಳುತ್ತಿದ್ದಳು. "ಇರ್ಲಿ ಬಿಡ್ರಿ ಅಕ್ಕಾ. ರಾತ್ರಿ ನಿದ್ದಿ ಬರತದ ಈಗ."

ಅಕ್ಟೋಬರಿನ ಒಂದು ಭಾನುವಾರ, ಪೂಜಿತಾ ವಾರಿಂಗ್ಟನ್ನಿಗೆ ಊಟಕ್ಕೆ ಬಂದಿದ್ದಾಗ, ಹನಾನ್ ಫೋನ್ ಬಂತು.

"ಹೊಸ ವರದಿಯನ್ನು ಕ್ಲಿನಿಕ್ಕಿನಲ್ಲಿ ನಾನೇ ಓದಿದೆ ಡಾಕ್ಟರ್. ಬೇರೆಯವರು ಓದುವುದು ಬೇಡ ಅಂದೆ. ಮರ್ಯಮ್ ತಾಯಿಯ ಮನೆಗೂ ಹೋಗಿ ಓದಿದೆ. ಬಾಗಿಲು ತೆಗೆದರು. ಒಳಗೆ ಕೂರಿಸಿದರು."

ಸುಚೇತಾ ಫೋನನ್ನು ಸ್ಪೀಕರಿಗೆ ಹಾಕಿ, "ಆ ಮೆಸೇಜ್ ಉಳಿಸಿಕೊಂಡಿದ್ದ ಹುಡುಗಿ ಇಲ್ಲೇ ಇದ್ದಾಳೆ," ಅಂದಳು. ಪೂಜಿತಾ ಕ್ಷಮೆ ಕೇಳಲು ಫೋನಿನ ಹತ್ತಿರ ಬಗ್ಗಿದಳು.

"ಗೊತ್ತು," ಅಂದಳು ಹನಾನ್. "ಕಳಿಸಿದವಳೂ ಅವಳೇ ಅಂತ ಗೊತ್ತು. ಆ ಮಾತು ಇನ್ನೊಮ್ಮೆ ಆಡೋಣ, ಇವತ್ತು ನನ್ನಿಂದ ಆಗಲ್ಲ. ಡಾಕ್ಟರ್, ಒಂದು ಕೇಳಬೇಕಿತ್ತು. ಇಷ್ಟು ಪುಟಗಳಲ್ಲಿ ದಾರಿ ಬದಲಿಸಿದ್ದು ಯಾವ ಕಚೇರಿ ಅಂತ ಇದೆ. ಆ ಡ್ರೋನ್ ಹಾರಿಸಿದವರು ಯಾರು ಅಂತ ಎಲ್ಲೂ ಇಲ್ಲವಲ್ಲ?"

"ಇಲ್ಲ."

"ಯಾರಾದರೂ ಕೇಳಿದ್ದಾರಾ?"

ಸುಚೇತಾ ತನ್ನ ಎಂಪಿಗೆ ಎರಡು ಸಲ ಬರೆದಿದ್ದಳು. ತೀವ್ರ ಕಳವಳ ವ್ಯಕ್ತಪಡಿಸಿದ ಉತ್ತರ ಎರಡು ಸಲ ಬಂದಿತ್ತು, ಎರಡೂ ಅಕ್ಷರಶಃ ಒಂದೇ. ಅದನ್ನು ಹನಾನ್‌ಗೆ ಹೇಳಲು ನಾಚಿಕೆಯಾಯಿತು. ಆದರೂ ಹೇಳಿದಳು.

"ಮತ್ತೆ ಬರೆಯಿರಿ," ಅಂದಳು ಹನಾನ್, ಕ್ಲಿನಿಕ್ಕಿನಲ್ಲಿ ರೋಗಿಗೆ ಮಾತ್ರೆ ಹೇಳುವ ದನಿಯಲ್ಲಿ. "ನಾಳೆ ಲಸಿಕೆ ಗಾಡಿ ಹೊರಡುತ್ತೆ. ಮರ್ಯಮ್ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ನಾನು ಹೋಗ್ತಿದ್ದೇನೆ. ಯಾವ ದಾರಿ ಅಂತ ಕೇಳಿದೆ. ಬಾಯಲ್ಲಿ ಹೇಳಿದರು. ಬರೆದು, ಸಹಿ ಮಾಡಿ ಕೊಡಿ, ಅಲ್ಲಿಯವರೆಗೆ ಗಾಡಿ ಹತ್ತಲ್ಲ ಅಂದಿದ್ದೇನೆ."

"ಕೊಟ್ಟರಾ?"

"ಇನ್ನೂ ಇಲ್ಲ. ಕಾಯ್ತಿದ್ದೇನೆ."